ನಮ್ಮ ಬೀದಿಗೆ ಬರುವ ಪೊಲೀಸರು



ಪೊಲೀಸ್ ಅಂದ ಕೂಡಲೆ ನಿಮಗೆ ಏನು ನೆನಪಾಗುತ್ತದೆ? ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಈ ಮಾತು ಕೇಳಿದೆವು. ಒಬ್ಬರು "ಲಾಠಿ" ಅಂದರು. ಒಬ್ಬರು "ಜೀಪು" ಅಂದರು. ಒಬ್ಬ ಅಜ್ಜಿ ನಕ್ಕು, "ಮಗ ಅನ್ನ ತಿನ್ನದಿದ್ರೆ ಪೊಲೀಸ್ನೋರು ಬತ್ತಾರೆ ಅಂತ ಹೆದರಿಸ್ತೀವಿ ಸಾರ್, ನಮಗೆ ಗೊತ್ತಿರೋದು ಅಷ್ಟೇ" ಅಂದರು. ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದೆವು. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿದೆವು. "ನಮ್ಮ ಬೀದಿಗೆ ಗಸ್ತು ಬರುವ ಪೊಲೀಸರ ಹೆಸರು ಯಾರಿಗಾದರೂ ಗೊತ್ತೆ?" ಯಾರಿಗೂ ಗೊತ್ತಿರಲಿಲ್ಲ.

ಅವರು ನಮ್ಮ ಮನೆ ಮುಂದೆಯೇ ಹಾದುಹೋಗುತ್ತಾರೆ. ಆಗ ನಾವು ಮಲಗಿರುತ್ತೇವೆ. ಅವರ ಕೆಲಸ ಏನು? ಅದರಲ್ಲಿ ನಮ್ಮ ಪಾಲು ಏನು? ಬನ್ನಿ, ಓದಿ ತಿಳಿಯೋಣ.

ಗಸ್ತು ಅಂದರೆ

ಗಸ್ತು ಅಂದರೆ ಕಾವಲಿಗಾಗಿ ಸುತ್ತುವುದು. ಹಿಂದೆ ಹಳ್ಳಿಗಳಲ್ಲಿ ತಳವಾರರು ಕೋಲು, ಕಂದೀಲು ಹಿಡಿದು ಸುತ್ತುತ್ತಿದ್ದರು. ಇವತ್ತು ಈ ಕೆಲಸ ಪೊಲೀಸರದು. ಒಂದು ಠಾಣೆಗೆ ಸೇರಿದ ಊರು, ಬೀದಿಗಳನ್ನು ಪಾಲು ಮಾಡಿ ಹಂಚಿರುತ್ತಾರೆ. ಒಂದೊಂದು ಪಾಲಿಗೆ ಬೀಟ್ ಅಂತ ಹೆಸರು. ಒಂದು ಬೀಟ್‌ಗೆ ಇಂಥವರೇ ಅಂತ ಪೊಲೀಸರು ಇರುತ್ತಾರೆ. ಆ ಬೀಟ್‌ನಲ್ಲಿ ಎಷ್ಟು ಬೀದಿ, ಎಲ್ಲಿ ಬ್ಯಾಂಕು, ಎಲ್ಲಿ ಶಾಲೆ, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರ ಮೇಲೆ ಹಳೆಯ ಕೇಸು ಇದೆ, ಇದೆಲ್ಲ ಅವರಿಗೆ ತಿಳಿದಿರಬೇಕು.

ಮೊದಲು ಇವರನ್ನು ಪೇದೆ ಅನ್ನುತ್ತಿದ್ದರು. ಈಗ ಕಾನ್‌ಸ್ಟೇಬಲ್ ಅನ್ನುವ ಮಾತೇ ರೂಢಿ. ಅವರ ಮೇಲಿನವರು ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆ ಹಿರಿಯರು ಇವರನ್ನು ದಫೇದಾರ್ ಅನ್ನುತ್ತಾರೆ. ಇವರ ತೋಳಿನ ಮೇಲೆ ಮೂರು ಪಟ್ಟಿ ಇರುತ್ತದೆ. ಭುಜದ ಮೇಲೆ ಎರಡು ನಕ್ಷತ್ರ ಇದ್ದರೆ ಸಬ್ ಇನ್‌ಸ್ಪೆಕ್ಟರ್. ಮೂರು ನಕ್ಷತ್ರ, ಜೊತೆಗೆ ಕೆಂಪು ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್. ಎದೆಯ ಮೇಲೆ ಹೆಸರಿನ ಫಲಕ ಇರುತ್ತದೆ. ಅಕ್ಷರ ಕಲಿತ ಮೇಲೆ ನಾವು ಮೊದಲು ಓದಬಹುದಾದ ಫಲಕಗಳಲ್ಲಿ ಇದೂ ಒಂದು. ಯಾರನ್ನಾದರೂ ಬಂಧಿಸುವ ಪೊಲೀಸರು ಹೆಸರು ಕಾಣುವ ಹಾಗೆ ಫಲಕ ಧರಿಸಿರಲೇಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಮ್ಮ ಭಾಗದಲ್ಲಿ ಒಂದು ವಿಶೇಷ ಇದೆ. ನಮ್ಮ ಜಿಲ್ಲೆ ಕೋಲಾರ. ಜಿಲ್ಲಾಧಿಕಾರಿ ಇರುವುದು ಕೋಲಾರದಲ್ಲಿ. ಆದರೆ ಪೊಲೀಸರ ಲೆಕ್ಕದಲ್ಲಿ ಕೆ.ಜಿ.ಎಫ್. ಒಂದು ಪ್ರತ್ಯೇಕ ಜಿಲ್ಲೆ. ಅದಕ್ಕೆ ಬೇರೆ ಎಸ್.ಪಿ. ಇದ್ದಾರೆ. ಬಂಗಾರಪೇಟೆಯೂ ಈ ಪೊಲೀಸ್ ಜಿಲ್ಲೆಗೇ ಸೇರಿದೆ. ಆದ್ದರಿಂದ ಬಂಗಾರಪೇಟೆಯವರು ಎಸ್.ಪಿ. ಸಾಹೇಬರನ್ನು ಕಾಣಬೇಕಾದರೆ ಕೋಲಾರದ ಬಸ್ಸು ಹತ್ತಬೇಡಿ, ಕೆ.ಜಿ.ಎಫ್.ಗೆ ಹೋಗಿ.

ಈ ಹೆಸರುಗಳನ್ನು ಜೋರಾಗಿ ಓದಿ. ಇವು ಈ ಪೊಲೀಸ್ ಜಿಲ್ಲೆಯ ಕೆಲವು ಠಾಣೆಗಳು. ರಾಬರ್ಟ್‌ಸನ್‌ಪೇಟೆ. ಆಂಡರ್‌ಸನ್‌ಪೇಟೆ. ಉರಿಗಾಂ. ಚಾಂಪಿಯನ್ ರೀಫ್ಸ್. ಮಾರಿಕುಪ್ಪಂ. ಬೇತಮಂಗಲ. ಬಂಗಾರಪೇಟೆ. ಬೂದಿಕೋಟೆ. ಕಾಮಸಮುದ್ರ. ನಿಮ್ಮ ಮನೆ ಯಾವ ಠಾಣೆಗೆ ಸೇರಿದೆ? ಅದರ ಕೆಳಗೆ ಒಂದು ಗೆರೆ ಎಳೆಯಿರಿ.

ಬೆಳಗಿನ ಹಾಜರಿ

ಠಾಣೆಯಲ್ಲಿ ದಿನ ಶುರುವಾಗುವುದು ಹಾಜರಿಯಿಂದ. ಇದನ್ನು ರೋಲ್ ಕಾಲ್ ಅನ್ನುತ್ತಾರೆ. ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಹಿಂದಿನ ದಿನ ಏನಾಯಿತು, ಇವತ್ತು ಯಾರಿಗೆ ಎಲ್ಲಿ ಕೆಲಸ ಅಂತ ಅಧಿಕಾರಿ ಹೇಳುತ್ತಾರೆ. ಒಬ್ಬರು ಕೋರ್ಟಿಗೆ. ಒಬ್ಬರು ಸಮನ್ಸ್ ಕೊಡಲು ಹಳ್ಳಿಗೆ. ಒಬ್ಬರು ಸಂತೆಗೆ. ಒಬ್ಬರು ಶಾಲೆ ಬಿಡುವ ಹೊತ್ತಿಗೆ ರಸ್ತೆಗೆ. ಒಬ್ಬರು ಬಂದೂಕು ಹಿಡಿದು ಠಾಣೆಯ ಬಾಗಿಲಲ್ಲೇ ಕಾವಲು. ಏನೇ ನಡೆದರೂ ಠಾಣೆಯ ದಿನಚರಿ ಪುಸ್ತಕದಲ್ಲಿ ಗಂಟೆ ಹಾಕಿ ಬರೆಯಬೇಕು. ಪೊಲೀಸ್ ಕೆಲಸದಲ್ಲಿ ಅರ್ಧ ಓಡಾಟವಾದರೆ ಅರ್ಧ ಬರವಣಿಗೆ.

ಹಬ್ಬ ಬಂದರೆ ಬಂದೋಬಸ್ತು. ಶಿವರಾತ್ರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಜನಸಾಗರ ಬರುತ್ತದೆ. ನಾವು ದೇವರ ದರ್ಶನಕ್ಕೆ ಸಾಲಿನಲ್ಲಿ ನಿಂತರೆ, ಅವರು ಸಾಲು ಕಾಯಲು ನಿಲ್ಲುತ್ತಾರೆ. ಅವರ ಮನೆಯಲ್ಲಿಯೂ ಅವತ್ತು ಹಬ್ಬವೇ.

ರಾತ್ರಿಯ ಗಸ್ತು

ಈಗ ರಾತ್ರಿಯ ಕೆಲಸ ನೋಡೋಣ. ಇಬ್ಬರು ಜೊತೆಯಾಗಿ ಹೊರಡುತ್ತಾರೆ. ಬೈಕಿನಲ್ಲಿ, ಇಲ್ಲಾಂದ್ರೆ ನಡೆದು. ಕೈಯಲ್ಲಿ ಲಾಠಿ, ಟಾರ್ಚು, ಸೀಟಿ, ವಾಕಿಟಾಕಿ. ಬಂಗಾರಪೇಟೆಯಲ್ಲಾದರೆ ಸಂಜೆ ಪಾನಿಪುರಿ ಗಾಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಬಣ್ಣವಿಲ್ಲದ ನೀರಿನ ಆ ಪಾನಿಪುರಿಗೆ ಬೆಂಗಳೂರಿನಲ್ಲೂ ಹೆಸರಿದೆ. ಗಾಡಿಗಳು ಹೋದ ಮೇಲೆ, ಅಂಗಡಿ ಬಾಗಿಲು ಎಳೆದ ಮೇಲೆ, ಗಸ್ತಿನವರ ಹೊತ್ತು.

ಅವರು ಏನೇನು ಮಾಡುತ್ತಾರೆ? ಅಂಗಡಿಯ ಬೀಗಕ್ಕೆ ಟಾರ್ಚು ಬಿಟ್ಟು ನೋಡುತ್ತಾರೆ. ಅನುಮಾನ ಬಂದರೆ ಕೈಯಲ್ಲಿ ಅಲುಗಾಡಿಸುತ್ತಾರೆ. ಎ.ಟಿ.ಎಂ. ಕಾವಲುಗಾರ ಎದ್ದಿದ್ದಾನೋ ಮಲಗಿದ್ದಾನೋ ನೋಡುತ್ತಾರೆ. ಒಂದೇ ಕಡೆ ಬಹಳ ಹೊತ್ತು ನಿಂತ ವಾಹನದ ನಂಬರ್ ಬರೆದುಕೊಳ್ಳುತ್ತಾರೆ. ಹಳೆಯ ಕಳ್ಳರು ಮನೆಯಲ್ಲಿ ಇದ್ದಾರೋ ಇಲ್ಲವೋ ವಿಚಾರಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಮಲಗಿದವರನ್ನು ಎಬ್ಬಿಸಿ ಯಾವ ಊರು ಅಂತ ಕೇಳುತ್ತಾರೆ. ಇಲ್ಲಿ ಭಾಷೆಯೂ ಬೇಕು. ಕೆ.ಜಿ.ಎಫ್.ನ ಬೀದಿಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಇವೆ. ಬರೀ ಒಂದು ಭಾಷೆ ಬಲ್ಲವರಿಗೆ ಇಲ್ಲಿಯ ಗಸ್ತು ಕಷ್ಟ.

ಗಸ್ತಿನವರು ನಿಜವಾಗಿ ಸುತ್ತಿದರೋ, ಎಲ್ಲೋ ಕುಳಿತು ಟೀ ಕುಡಿದರೋ, ಮೇಲಿನವರಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೇ ಪಾಯಿಂಟ್ ಪುಸ್ತಕ ಇರುವುದು. ದೇವಸ್ಥಾನ, ಬ್ಯಾಂಕು, ಬೀದಿಯ ಕೊನೆಯ ಮನೆ, ಇಂಥ ಕಡೆ ಒಂದು ಸಣ್ಣ ಪುಸ್ತಕ ಇಟ್ಟಿರುತ್ತಾರೆ. ಗಸ್ತಿನವರು ಅಲ್ಲಿಗೆ ಬಂದು ಗಂಟೆ ಬರೆದು ಸಹಿ ಮಾಡಬೇಕು. ಈಗ ಕೆಲವು ಕಡೆ ಪುಸ್ತಕದ ಬದಲು ಗೋಡೆಗೆ ಒಂದು ಚೌಕದ ಗುರುತು ಅಂಟಿಸಿರುತ್ತಾರೆ. ಅದಕ್ಕೆ ಮೊಬೈಲು ಹಿಡಿದರೆ ಬಂದ ಹೊತ್ತು ತಾನೇ ದಾಖಲಾಗುತ್ತದೆ. ನಿಮ್ಮ ಬೀದಿಯಲ್ಲಿ ಪಾಯಿಂಟ್ ಪುಸ್ತಕ ಇದ್ದರೆ ಒಮ್ಮೆ ತೆರೆದು ಓದಿ. ಅದು ಗುಟ್ಟಿನ ಪುಸ್ತಕ ಅಲ್ಲ. ನಿನ್ನೆ ರಾತ್ರಿ ಯಾರು ಬಂದರು, ಎಷ್ಟು ಗಂಟೆಗೆ ಬಂದರು ಅನ್ನುವುದು ಅದರಲ್ಲಿ ಇರುತ್ತದೆ.

ಬೆಳಗಿನ ಜಾವ ಗಸ್ತಿನವರಿಗೆ ಇನ್ನೊಂದು ಕೆಲಸ. ಕೆ.ಜಿ.ಎಫ್.ನಿಂದ, ಬಂಗಾರಪೇಟೆಯಿಂದ ಸಾವಿರಾರು ಜನ ಕೆಲಸಕ್ಕೆ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತಾರೆ. ಕತ್ತಲಿರುವಾಗಲೇ ಮನೆ ಬಿಡುತ್ತಾರೆ. ಬುತ್ತಿ ಹಿಡಿದ ಹೆಂಗಸರು ನಿಲ್ದಾಣದ ಕಡೆ ನಡೆಯುತ್ತಾರೆ. ಸರಗಳ್ಳರು ಕಾಯುವುದೂ ಆ ಹೊತ್ತಿಗೇ. ಆದ್ದರಿಂದ ರಾತ್ರಿ ಎರಡು ಗಂಟೆಯ ಗಸ್ತಿಗಿಂತ ಬೆಳಗಿನ ಜಾವ ನಾಲ್ಕೂವರೆಯ ಗಸ್ತು ನಮಗೆ ಹೆಚ್ಚು ಬೇಕು ಅನ್ನುವುದು ನಮ್ಮ ಅಭಿಪ್ರಾಯ. ನಿಮ್ಮ ಬೀಟ್ ಪೊಲೀಸರಿಗೆ ಇದನ್ನು ಹೇಳಿ. ಹೇಳಿದರೆ ತಾನೇ ಗೊತ್ತಾಗುವುದು?

ಒಂದು ಮಾತು ನೆನಪಿಡಿ. ರೈಲು ನಿಲ್ದಾಣದ ಒಳಗೆ, ರೈಲಿನ ಒಳಗೆ ಕಾಯುವವರು ರೈಲ್ವೆ ಪೊಲೀಸರು. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಫೋನ್ ಮಾಡಬೇಕು.

ರಾತ್ರಿ ಗಸ್ತಿನವರು ನಿಮ್ಮನ್ನು ನಿಲ್ಲಿಸಿದರೆ ಹೆದರಬೇಡಿ, ಓಡಬೇಡಿ. ಓಡಿದರೆ ಅನುಮಾನ ಬರುತ್ತದೆ. ಹೆಸರು ಹೇಳಿ, ಊರು ಹೇಳಿ, ಎಲ್ಲಿಂದ ಬಂದಿರಿ ಹೇಳಿ. ರೈಲಿನ ಟಿಕೆಟು ಇದ್ದರೆ ತೋರಿಸಿ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಾತನಿಗೆ ಒಂದು ರಾತ್ರಿ ಎದೆನೋವು ಬಂತು. ಮಗ ಆಟೋ ಹುಡುಕಿಕೊಂಡು ರಸ್ತೆಗೆ ಓಡಿದ. ಸಿಕ್ಕಿದ್ದು ಗಸ್ತಿನ ಜೀಪು. ಮೊದಲು "ಯಾಕಪ್ಪಾ ಓಡ್ತಿದ್ದೀಯ?" ಅಂತ ಗದರಿಸಿದರು. ವಿಷಯ ತಿಳಿದ ಮೇಲೆ ಅದೇ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ತಾತ ಈಗಲೂ ಪಾಠಕ್ಕೆ ಬರುತ್ತಾರೆ, "ಟ" ಮತ್ತು "ಠ" ಬೆರೆಸಿ ಬರೆಯುತ್ತಾರೆ.

ಗಣಿ ಇದ್ದಾಗ, ಗಣಿ ಮುಚ್ಚಿದ ಮೇಲೆ

ಕೆ.ಜಿ.ಎಫ್.ನ ಗಸ್ತು ಬೇರೆ ಊರಿನ ಗಸ್ತಿನ ಹಾಗಲ್ಲ. ಕಾರಣ ಗಣಿ.

1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಆಗ ಹಗಲು ರಾತ್ರಿ ಮೂರು ಪಾಳಿಯ ಕೆಲಸ. ಸೈರನ್ ಕೂಗಿದರೆ ಒಂದು ಪಾಳಿ ಇಳಿಯಬೇಕು, ಒಂದು ಪಾಳಿ ಹತ್ತಬೇಕು. ನಡುರಾತ್ರಿಯಲ್ಲೂ ರಸ್ತೆಯಲ್ಲಿ ಜನ. ಲೈನ್ ಮನೆಗಳಲ್ಲಿ ಯಾರೋ ಒಬ್ಬರು ಎದ್ದೇ ಇರುತ್ತಿದ್ದರು. ಜನರೇ ಕಾವಲು.

ಆ ಕಾಲದಲ್ಲಿ ದೊಡ್ಡ ತಲೆನೋವು ಚಿನ್ನದ ಕಳವು. ಕಂಪನಿ ತನ್ನದೇ ಕಾವಲುಗಾರರನ್ನು ಇಟ್ಟಿತ್ತು. ಗಣಿಯಿಂದ ಹತ್ತಿ ಬಂದ ಕಾರ್ಮಿಕರ ಮೈ, ಬಟ್ಟೆ ತಡಕಿ ನೋಡುತ್ತಿದ್ದರು. ಕೆಳಗೆ ಜೀವ ಪಣಕ್ಕಿಟ್ಟು ದುಡಿದವರು ಮೇಲೆ ಬಂದು ಕಳ್ಳರ ಹಾಗೆ ಕೈ ಎತ್ತಿ ನಿಲ್ಲಬೇಕಿತ್ತು. ಪೊಲೀಸ್ ಅಂದರೆ ನಮ್ಮ ಊರಿನ ಹಿರಿಯರಿಗೆ ಇರುವ ಅಂಜಿಕೆಯ ಬೇರು ಅಲ್ಲಿಯೂ ಇದೆ.

1930ರಲ್ಲಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳುತ್ತೇವೆ ಅಂದಿತು. ಬೆರಳಚ್ಚಿನಿಂದ ಅಪರಾಧಿಗಳ ಗುರುತು ಇಡುವ ಕಚೇರಿ 1897ರಲ್ಲೇ ಕಲ್ಕತ್ತೆಯಲ್ಲಿ ತೆರೆದಿತ್ತು. ಜಗತ್ತಿನಲ್ಲೇ ಅದು ಮೊದಲನೆಯದು. ಹಾಗಾಗಿ ಬೆರಳಚ್ಚು ಅಂದರೆ ಕಳ್ಳರಿಗೆ ಮಾಡುವುದು ಅನ್ನುವ ಭಾವನೆ ಜನರಲ್ಲಿ ಇತ್ತು. "ನಾವು ಕಳ್ಳರೇ?" ಅಂತ ಕಾರ್ಮಿಕರು ಸಿಟ್ಟಾದರು. ಸಾವಿರಾರು ಜನ ಗಣಿಗೆ ಇಳಿಯದೆ ಮುಷ್ಕರ ಹೂಡಿದರು. ಓದು ಬರಹ ಬಾರದ ಎಷ್ಟೋ ಜನ ಅವರಲ್ಲಿ ಇದ್ದರು. ಆದರೂ ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅನ್ನುವ ವಿವೇಕ ಇತ್ತು. ಈ ಮಾತನ್ನು ಮುಂದೆ ಇನ್ನೊಂದು ವಿಷಯಕ್ಕೆ ನೆನೆಯಬೇಕು, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸೈರನ್ ನಿಂತಿತು. ರಾತ್ರಿ ಪಾಳಿ ಇಲ್ಲ. ರಸ್ತೆ ಬರಿದಾಯಿತು. ಗಸ್ತಿನವರಿಗೆ ಕಾಯಲು ಉಳಿದದ್ದು ಖಾಲಿ ಕಟ್ಟಡ, ತುಕ್ಕು ಹಿಡಿದ ಯಂತ್ರ, ನೀರು ತುಂಬಿದ ಬಾವಿಯಂಥ ಗಣಿಗಳು, ಬೂದು ಬಣ್ಣದ ಸೈನೈಡ್ ದಿಬ್ಬಗಳು. (ಈ ದಿಬ್ಬಗಳನ್ನು ನೋಡಲು 2018ರ "ಕೆ.ಜಿ.ಎಫ್." ಸಿನಿಮಾ ಆದ ಮೇಲೆ ಹೊರಗಿನ ಹುಡುಗರೂ ಬರುತ್ತಾರೆ. ಸಿನಿಮಾದಲ್ಲಿ ಇರುವ ಹಾಗೆ ನಮ್ಮ ಊರು ಇಲ್ಲ ಅಂತ ಅವರಿಗೆ ಹೇಳಿ ಹೇಳಿ ಸಾಕಾಗಿದೆ.)

ಕೆಲಸ ಹೋದ ಊರಿನಲ್ಲಿ ಹಳೆಯ ಕಬ್ಬಿಣವೂ ಚಿನ್ನದ ಹಾಗೆ ಕಾಣುತ್ತದೆ. ಕೇಬಲ್ಲು, ಕಬ್ಬಿಣ, ಚಿನ್ನದ ಮಣ್ಣು ಕದಿಯಲು ಕೆಲವರು ಮುಚ್ಚಿದ ಗಣಿಗೆ ಇಳಿಯುತ್ತಾರೆ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಕಡೆ ಹೀಗೆ ಇಳಿದವರಲ್ಲಿ ಮೂರು ಜನ ಒಳಗೇ ಸತ್ತರು. ಮುಚ್ಚಿದ ಗಣಿಯ ಒಳಗೆ ಗಾಳಿ ಆಡುವುದಿಲ್ಲ. ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೆ ವಾಸನೆ ಇರಲೇಬೇಕು ಅಂತಿಲ್ಲ. ತಲೆ ತಿರುಗಿ ಬಿದ್ದ ಮೇಲೆ ಮೇಲಕ್ಕೆ ಬರಲು ಆಗುವುದಿಲ್ಲ. ಕಾಪಾಡಲು ಇಳಿದವರೂ ಬೀಳುತ್ತಾರೆ.

ಆದ್ದರಿಂದ ಗಣಿಯ ಸುತ್ತ ಗಸ್ತು ಹೋಗುವವರು ಕಳವು ತಡೆಯುವುದರ ಜೊತೆಗೆ ಜೀವವನ್ನೂ ಉಳಿಸುತ್ತಾರೆ. ನಿಮ್ಮ ಲೈನ್‌ನ ಹುಡುಗರು ರಾತ್ರಿ ಹಗ್ಗ, ಟಾರ್ಚು ಹಿಡಿದು ಆ ಕಡೆ ಹೋಗುವುದು ಕಂಡರೆ ಸುಮ್ಮನೆ ಇರಬೇಡಿ. "ಪೊಲೀಸ್ನೋರಿಗೆ ಹೇಳಿದ್ರೆ ನಮ್ಮ ಹುಡುಗನ್ನ ಹಿಡ್ಕೊಂಡು ಹೋಗ್ತಾರೆ" ಅಂತ ತಾಯಂದಿರು ಹೇಳುವುದನ್ನು ನಾವು ಕೇಳಿದ್ದೇವೆ. ಠಾಣೆಯಿಂದ ಮಗನನ್ನು ಬಿಡಿಸಿಕೊಂಡು ಬರಬಹುದು ತಾಯಿ. ಗಣಿಯಿಂದ ಬಿಡಿಸಿಕೊಂಡು ಬರಲು ಆಗುವುದಿಲ್ಲ.

ಹಳ್ಳಿಯ ಕಡೆ

ಕಾಮಸಮುದ್ರ, ಬೂದಿಕೋಟೆ ಕಡೆಯ ಗಸ್ತು ಬೇರೆ. ಒಂದು ಕಡೆ ಆಂಧ್ರ, ಒಂದು ಕಡೆ ತಮಿಳುನಾಡು. ಅಲ್ಲಿ ಕಳವು ಮಾಡಿ ಇಲ್ಲಿಗೆ, ಇಲ್ಲಿ ಕಳವು ಮಾಡಿ ಅಲ್ಲಿಗೆ ಓಡುವುದು ಸುಲಭ. ಗಡಿಯ ಕಾಡಿನಿಂದ ಆನೆಗಳೂ ಬರುತ್ತವೆ. ರಾಗಿ, ಟೊಮೆಟೊ ಹೊಲಕ್ಕೆ ಆನೆ ಬಂದರೆ ಓಡಿಸುವುದು ಅರಣ್ಯ ಇಲಾಖೆಯ ಕೆಲಸ. ಜನರು ಗುಂಪಾಗಿ ಹತ್ತಿರ ಹೋಗದ ಹಾಗೆ ತಡೆಯುವುದು ಪೊಲೀಸರ ಕೆಲಸ. ಆನೆಗಿಂತ ಜನರನ್ನು ತಡೆಯುವುದೇ ಕಷ್ಟವಂತೆ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯೂ ನಮ್ಮ ತಾಲ್ಲೂಕುಗಳನ್ನು ಹಾದು ಹೋಗಿದೆ. ಆ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಅವಕಾಶ ಇಲ್ಲ. ಹತ್ತಿರದ ದಾರಿ ಅಂತ ಬೈಕು ಹತ್ತಿಸಿದವರು ಸತ್ತಿದ್ದಾರೆ. ಅಲ್ಲಿ ಪೊಲೀಸರು ತಡೆದರೆ ಜಗಳ ಆಡಬೇಡಿ.

ಅವರೂ ಮನುಷ್ಯರು

ಪೊಲೀಸರ ಕೆಲಸಕ್ಕೆ ಇಷ್ಟೇ ಗಂಟೆ ಅನ್ನುವುದು ಕಾಗದದ ಮೇಲೆ ಇರುತ್ತದೆ. ರಾತ್ರಿ ಗಸ್ತು ಮುಗಿಸಿದವರನ್ನೇ ಬೆಳಿಗ್ಗೆ ಕೋರ್ಟಿಗೆ ಕಳಿಸುವುದೂ ಉಂಟು. ಡಿಸೆಂಬರಿನ ಚಳಿ, ನಾಯಿಗಳ ಕಾಟ, ಕುಡಿದವರ ಬೈಗುಳ. ಮಹಿಳಾ ಪೊಲೀಸರಿಗೆ ಇನ್ನೂ ಕಷ್ಟ. ಗಂಟೆಗಟ್ಟಲೆ ರಸ್ತೆಯಲ್ಲಿ ನಿಂತರೂ ಹತ್ತಿರದಲ್ಲಿ ಒಂದು ಶೌಚಾಲಯ ಇರುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅವತ್ತು ಲಡಾಖಿನ ಹಿಮದಲ್ಲಿ ಗಸ್ತು ಹೋಗಿದ್ದ ಹತ್ತು ಜನ ಪೊಲೀಸರು ಚೀನಾ ಸೈನಿಕರ ಗುಂಡಿಗೆ ಬಲಿಯಾದರು. ಅವರ ನೆನಪಿಗೆ ಕೆ.ಜಿ.ಎಫ್.ನಲ್ಲೂ ಪೊಲೀಸರು ಗೌರವ ಸಲ್ಲಿಸುತ್ತಾರೆ.

ಅವರ ಟೋಪಿ ಬದಲಾಗಿರುವುದನ್ನು ಗಮನಿಸಿದಿರಾ? ಒಂದು ಬದಿ ಮೇಲಕ್ಕೆ ಮಡಚಿದ ಅಗಲ ಟೋಪಿ ಬಹಳ ಕಾಲ ಇತ್ತು. ಓಡುವಾಗ ಬೀಳುತ್ತಿತ್ತು. 2025ರ ಅಕ್ಟೋಬರಿನಲ್ಲಿ ಕಾನ್‌ಸ್ಟೇಬಲ್‌ಗಳಿಗೂ ನೀಲಿ ಬಣ್ಣದ ಹೊಸ ಟೋಪಿ ಬಂತು. ಅದೇ ವರ್ಷ ಜುಲೈನಲ್ಲಿ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮ ಶುರು ಮಾಡಿತು. ಬೀಟ್ ಪೊಲೀಸರು ಮನೆಗೆ ಬಂದು, ತಮ್ಮ ಪರಿಚಯ ಹೇಳಿ, ನಮ್ಮ ತೊಂದರೆ ಕೇಳಬೇಕು. ನಿಮ್ಮ ಮನೆಗೆ ಬಂದರೆ ಕೂರಿಸಿ ಮಾತಾಡಿ. ಹೆಸರು, ಫೋನ್ ನಂಬರ್ ನಿಮ್ಮ ಕೈಯಿಂದಲೇ ಬರೆದುಕೊಳ್ಳಿ. ಮನೆಗೆ ಬೀಗ ಹಾಕಿ ಊರಿಗೆ ಹೋಗುವುದಾದರೆ ಅವರಿಗೆ ತಿಳಿಸಿ ಹೋಗಿ.

ಒಂದು ಮಾತಿನ ಬೆಲೆ

ಈಗ ಹೆಬ್ಬೆಟ್ಟಿನ ವಿಷಯಕ್ಕೆ ಬರೋಣ.

ನಮ್ಮ ಕೇಂದ್ರದಲ್ಲಿ ಹೂ ಮಾರುವ ಒಬ್ಬ ಅಕ್ಕ ಇದ್ದಾರೆ. ಕೆಲವು ವರ್ಷದ ಹಿಂದೆ, ಬೆಳಗಿನ ಜಾವ ಹೂವಿನ ಬುಟ್ಟಿ ಹೊತ್ತು ರೈಲಿಗೆ ಹೋಗುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಕತ್ತಿನ ಸರ ಕಿತ್ತುಕೊಂಡು ಹೋದರು. ಕತ್ತು ಕೊಯ್ದು ರಕ್ತ ಬಂತು. ಅಳುತ್ತಾ ಒಂದು ಠಾಣೆಗೆ ಹೋದರು. ಅಲ್ಲಿ ಒಬ್ಬರು ಕಾಗದ ಬರೆದರು. "ಇಲ್ಲಿ ಒತ್ತಮ್ಮಾ" ಅಂದರು. ಅಕ್ಕ ಒತ್ತಿದರು.

ಆರು ತಿಂಗಳಾದ ಮೇಲೆ ಸರ ಸಿಕ್ಕಿತೇ ಅಂತ ಕೇಳಲು ಹೋದರು. ಕೇಸೇ ಆಗಿರಲಿಲ್ಲ. ಕಾಗದದಲ್ಲಿ "ಸರ ಕಳೆದುಹೋಗಿದೆ" ಅಂತ ಇತ್ತು. "ನೀವೇ ಬರೆಸಿದ್ದೀರಲ್ಲಮ್ಮಾ, ಕೆಳಗೆ ನಿಮ್ಮ ಹೆಬ್ಬೆಟ್ಟೇ ಇದೆ" ಅಂದರು.

ಕಳೆದುಹೋಗಿದೆ ಅಂದರೆ ಎಲ್ಲೋ ಬಿದ್ದುಹೋಯಿತು ಅಂತ. ತಪ್ಪು ಯಾರದೂ ಅಲ್ಲ. ಕಿತ್ತುಕೊಂಡು ಹೋದರು ಅಂದರೆ ಅಪರಾಧ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಕಿತ್ತುಕೊಂಡು ಹೋಗುವುದನ್ನೇ ಒಂದು ಬೇರೆ ಅಪರಾಧ ಅಂತ ಬರೆದಿದ್ದಾರೆ. ಅದಕ್ಕೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಗಸ್ತಿನ ದೃಷ್ಟಿಯಿಂದಲೂ ನೋಡಿ. ಯಾವ ಬೀದಿಯಲ್ಲಿ, ಎಷ್ಟು ಗಂಟೆಗೆ ಸರ ಕಿತ್ತರು ಅನ್ನುವುದು ಠಾಣೆಯ ದಾಖಲೆಯಲ್ಲಿ ಇದ್ದರೆ ಆ ಹೊತ್ತಿಗೆ ಅಲ್ಲಿಗೆ ಗಸ್ತು ಹಾಕುತ್ತಾರೆ. "ಕಳೆದುಹೋಗಿದೆ" ಅಂತ ಇದ್ದರೆ ಆ ಬೀದಿಗೆ ಯಾಕೆ ಬರುತ್ತಾರೆ? ಒಂದು ಮಾತು ತಪ್ಪಿದ್ದಕ್ಕೆ ಅಕ್ಕನ ಸರವೂ ಹೋಯಿತು, ಬೀದಿಯ ಕಾವಲೂ ಹೋಯಿತು.

ಆಮೇಲೆ ಆ ಅಕ್ಕ ಓದು ಕಲಿಯಲು ಬಂದರು. ಹೋದ ವರ್ಷ ಪಕ್ಕದ ಮನೆಯವರ ಸೈಕಲ್ ಕಳವಾಯಿತು. ಅಕ್ಕ ಜೊತೆಗೆ ಠಾಣೆಗೆ ಹೋದರು. ಬರೆದ ಕಾಗದವನ್ನು ಕೈಗೆ ತೆಗೆದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಬಹಳ ಹೊತ್ತು ಹಿಡಿಯಿತು. ಅಲ್ಲಿಯೂ ಅದೇ ಮಾತು ಇತ್ತು. "ಸಾರ್, ಕಳೆದುಹೋಗಿಲ್ಲ, ಕಳವಾಗಿದೆ. ತಿದ್ದಿ ಕೊಡಿ" ಅಂದರು. ಬರೆದವರು ಒಂದು ಗಳಿಗೆ ಅವರ ಮುಖ ನೋಡಿ, ತಿದ್ದಿ ಕೊಟ್ಟರು. ಅಕ್ಕನ ಸರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಕಾನೂನು ಏನು ಹೇಳುತ್ತದೆ?

ಅಪರಾಧ ನಡೆದಾಗ ಪೊಲೀಸರು ಮೊದಲು ದಾಖಲು ಮಾಡುವ ವರದಿಗೆ ಎಫ್.ಐ.ಆರ್. ಅನ್ನುತ್ತಾರೆ. ನೀವು ಬಾಯಲ್ಲಿ ಹೇಳಿದರೂ ಸಾಕು, ಅವರು ಬರೆದುಕೊಳ್ಳಬೇಕು. ಬರೆದದ್ದನ್ನು ನಿಮಗೆ ಓದಿ ಹೇಳಬೇಕು. ಆಮೇಲೆ ನಿಮ್ಮ ಸಹಿ. ಅದರ ಒಂದು ಪ್ರತಿಯನ್ನು ನಿಮಗೆ ಕೊಡಬೇಕು. ಅದಕ್ಕೆ ಹಣ ಇಲ್ಲ. "ಇದು ನಮ್ಮ ಠಾಣೆಗೆ ಸೇರಲ್ಲ, ಆ ಠಾಣೆಗೆ ಹೋಗಿ" ಅನ್ನುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ಬರೆದುಕೊಂಡು, ಆಮೇಲೆ ಸರಿಯಾದ ಠಾಣೆಗೆ ಅವರೇ ಕಳಿಸಬೇಕು. ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್.ಪಿ.ಯವರಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಕೋರ್ಟು ಇದೆ. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನದ ಒಳಗೆ ನಿಮಗೆ ತಿಳಿಸಬೇಕು.

ಸಾಕ್ಷಿ ಹೇಳಲು ಹೆಂಗಸರನ್ನು, 15 ವರ್ಷದ ಒಳಗಿನವರನ್ನು, 60 ವರ್ಷ ದಾಟಿದವರನ್ನು ಠಾಣೆಗೆ ಬರಲೇಬೇಕು ಅಂತ ಕರೆಯುವ ಹಾಗಿಲ್ಲ. ಪೊಲೀಸರೇ ಅವರ ಮನೆಗೆ ಬಂದು ಕೇಳಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸಬಾರದು. ತೀರಾ ಅಗತ್ಯ ಇದ್ದರೆ ಮಹಿಳಾ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಯಾರನ್ನೇ ಹಿಡಿದರೂ ಯಾಕೆ ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ತುರ್ತಾಗಿ ಪೊಲೀಸರು ಬೇಕಾದರೆ 112ಕ್ಕೆ ಫೋನ್ ಮಾಡಿ. ಮೊದಲು 100 ಅಂತ ಇತ್ತು. ಮೊಬೈಲಿನಲ್ಲಿ ದುಡ್ಡು ಇಲ್ಲದಿದ್ದರೂ ಕರೆ ಹೋಗುತ್ತದೆ. ಊರು, ಬೀದಿ, ಹತ್ತಿರದ ಗುರುತು ಬಿಡಿಸಿ ಹೇಳಿ. ಮಕ್ಕಳಿಗೆ ತೊಂದರೆಯಾದರೆ 1098. ಫೋನಿನಲ್ಲಿ ಮೋಸ ಮಾಡಿ ಬ್ಯಾಂಕಿನ ಹಣ ಎಳೆದರೆ 1930, ಅದೂ ತಡ ಮಾಡದೆ. ಈ ಮೂರು ನಂಬರುಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ದೂರು ಬರೆಯುವುದು ಹೀಗೆ

ಖಾಲಿ ಜಾಗದಲ್ಲಿ ನಿಮ್ಮ ವಿವರ ತುಂಬಿ ಅಭ್ಯಾಸ ಮಾಡಿ.

ಇವರಿಗೆ,
ಠಾಣಾಧಿಕಾರಿಗಳು,
.................. ಪೊಲೀಸ್ ಠಾಣೆ.

ಇವರಿಂದ,
ಹೆಸರು .................. ವಯಸ್ಸು ........
ಮನೆ, ಬೀದಿ, ಊರು ..................

ವಿಷಯ: .................. ಕಳವಾದ ಬಗ್ಗೆ ದೂರು.

ಸ್ವಾಮಿ,
ದಿನಾಂಕ ........ರಂದು ........ ಗಂಟೆಗೆ .................. ಎಂಬ ಜಾಗದಲ್ಲಿ ನನ್ನ .................. ಕಳವಾಗಿದೆ. ಅದರ ಗುರುತು .................. ಇದನ್ನು ಕಂಡವರು .................. ದಯವಿಟ್ಟು ಪ್ರಕರಣ ದಾಖಲಿಸಿ, ಎಫ್.ಐ.ಆರ್. ಪ್ರತಿ ಕೊಡಬೇಕಾಗಿ ಕೋರುತ್ತೇನೆ.

ದಿನಾಂಕ ........
ಸಹಿ ..................

ದೂರಿನ ಇನ್ನೊಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿ. ಅದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ.

ಮಾಡಿ ನೋಡಿ

ನಿಮ್ಮ ಬೀದಿಯಲ್ಲಿ ಪಾಯಿಂಟ್ ಪುಸ್ತಕ ಎಲ್ಲಿದೆ? ಹುಡುಕಿ. ಕೊನೆಯ ಸಹಿ ಯಾವ ದಿನದ್ದು, ಎಷ್ಟು ಗಂಟೆಯದು? ಬರೆದುಕೊಂಡು ಬನ್ನಿ.

ನಿಮ್ಮ ಬೀದಿಗೆ ಗಸ್ತು ಯಾವ ಹೊತ್ತಿಗೆ ಬೇಕು? ಮನೆಯ ಹೆಂಗಸರನ್ನು ಕೇಳಿ, ಎರಡು ಸಾಲು ಬರೆಯಿರಿ.

"ಕಳೆದುಹೋಗಿದೆ", "ಕಳವಾಗಿದೆ", "ಕಿತ್ತುಕೊಂಡು ಹೋದರು". ಈ ಮೂರನ್ನೂ ಒಂದೊಂದು ವಾಕ್ಯದಲ್ಲಿ ಸೇರಿಸಿ ಬರೆಯಿರಿ. ಪಕ್ಕದಲ್ಲಿ ಕುಳಿತವರಿಗೆ ಓದಿ ಹೇಳಿ.